ಆ ಕ್ರಿಮಿ ನಿಮ್ಮದಲ್ಲವಂತೆ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ಗಂಡನ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಕಡೆ, ನನ್ನ ಮುಷ್ಟಿ ಹಿಡಿಸುವಷ್ಟು ದೊಡ್ಡ ಕುಳಿಯಿದೆ. ಅದರ ತಳದಲ್ಲಿ ಬೆಳ್ಳಗೆ ಕಾಣುವುದು ಮುಲಾಮಲ್ಲ, ಎಲುಬು. ನಿಮ್ಮಲ್ಲಿಗೆ ಸೇರಿಸಿದ ದಿನ ಆ ಜಾಗದಲ್ಲಿ ಒಂದು ಗೀರೂ ಇರಲಿಲ್ಲ. ಇದು ಹೇಗಾಯಿತು ಎಂದು ನಾನು ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರವನ್ನು ಊರಿಗೆಲ್ಲ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ: "ಗಾಯದಲ್ಲಿ ಸಿಕ್ಕಿರೋ ಬ್ಯಾಕ್ಟೀರಿಯಾ ನಮ್ಮ ಆಸ್ಪತ್ರೇದಲ್ಲಮ್ಮ. ಅದು ಅವರ ಚರ್ಮದ ಮೇಲೇ ಇದ್ದಿದ್ದು. ಮನೆಯಿಂದಲೇ ತಂದಿದ್ದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕೇಳಿದ್ದು ಕುಳಿಯ ವಿಷಯ, ನೀವು ಹೇಳಿದ್ದು ಕ್ರಿಮಿಯ ವಂಶಾವಳಿ.

ಇರಲಿ, ನಿಮ್ಮ ಮಾತನ್ನೇ ಒಪ್ಪುತ್ತೇನೆ. ನನ್ನ ಗಂಡ ಬಸ್ ಕಂಡಕ್ಟರ್. ತಲೆ ನೆರೆಯುವ ತನಕ ದಿನವೂ ನೂರಾರು ಜನರ ಬೆವರಿಗೆ ಮೈ ಉಜ್ಜಿಕೊಂಡು ನಿಂತವರು. ಕಂಡವರ ಕೆಮ್ಮು, ಕಂಡವರ ನೋಟು, ಕಂಡವರ ಮಗುವಿನ ವಾಂತಿ, ಎಲ್ಲವೂ ಅವರ ಮೈಮೇಲೆ ಬಿದ್ದಿದೆ. ಆ ಚರ್ಮದ ಮೇಲೆ ಕ್ರಿಮಿಗಳು ಇದ್ದೇ ಇರಬೇಕು. ಆದರೆ ಒಳ್ಳೆಯ ಬಾಡಿಗೆದಾರರ ಹಾಗೆ, ಅಷ್ಟು ವರ್ಷ ಒಂದು ತಕರಾರೂ ಇಲ್ಲದೆ ಇದ್ದವು. ಗೋಡೆ ಒಡೆದು ಒಳಗೆ ನುಗ್ಗಬೇಕೆಂಬ ಯೋಚನೆ ಅವಕ್ಕೆ ನಿಮ್ಮ ಹವಾನಿಯಂತ್ರಿತ ವಾರ್ಡಿಗೆ ಬಂದ ಮೇಲೆಯೇ ಏಕೆ ಬಂತು ಸ್ವಾಮಿ? ಗೋಡೆ ಒಡೆದುಕೊಟ್ಟವರು ಯಾರು?

ಅವರಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತೂ ನಿಂತಿತ್ತು. ನೀವು ಮಂಚದ ಸುತ್ತ ಹಳದಿ ಗೆರೆ ಬಳಿಸಿದ್ದಿರಿ, ಮನೆಯವರು ಅದನ್ನು ದಾಟುವಂತಿರಲಿಲ್ಲ. ಇವರು ಬೆಳಗಿನಿಂದ ಅಂಗಾತ ಮಲಗಿರುವುದನ್ನು ನೋಡಲಾರದೆ ನಾನು ಸಿಸ್ಟರನ್ನು ಕೇಳಿದೆ.

"ಸ್ವಲ್ಪ ಮಗ್ಗುಲಿಗೆ ತಿರುಗಿಸ್ಲಾ ಸಿಸ್ಟರ್?"

"ಮುಟ್ಬೇಡೀಮ್ಮ. ನಿಮ್ಮ ಕೈಯಲ್ಲಿ ಕ್ರಿಮಿ ಇರತ್ತೆ."

"ಹಂಗಾದ್ರೆ ನೀವೇ ತಿರುಗ್ಸಿ."

"ತಿರುಗ್ಸೋರು ಬರ್ತಾರೆ."

ದಿನವೂ ಇದೇ ಉತ್ತರ. ಆಕೆಯನ್ನು ಬೈದು ಏನು ಪ್ರಯೋಜನ? ಇಡೀ ವಾರ್ಡಿಗೆ ಆಕೆ ಒಬ್ಬಳೇ. ತಿರುಗಿಸುವವರು ಎಲ್ಲಿದ್ದರು ಎನ್ನುವುದನ್ನು ನೀರು ತರಲು ಹೋದಾಗ ಕಣ್ಣಾರೆ ಕಂಡೆ. ಸ್ವಚ್ಛತಾ ಪ್ರಶಸ್ತಿಯ ತಪಾಸಣೆಯವರು ಬರುವವರಿದ್ದರು. ಅದಕ್ಕೆ ತಾವು ಆಯಾಗಳನ್ನೆಲ್ಲ ಹೊರಗಿನ ಮೆಟ್ಟಿಲು ಉಜ್ಜಲು ಹಚ್ಚಿದ್ದಿರಿ. ಮೆಟ್ಟಿಲು ಹೊಳೆಯುತ್ತಿತ್ತು. ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತನ್ನು ನಾನು ಅಲ್ಲಿಯ ತನಕ ಬರೀ ಗಾದೆ ಅಂದುಕೊಂಡಿದ್ದೆ.

ಮಾತು ಹೋದರೂ ಇವರ ಎಡಗೈ ಗಟ್ಟಿಯಾಗಿತ್ತು. ಬೆರಳಿನ ಸ್ಟೀಲ್ ಉಂಗುರದಿಂದ ಮಂಚದ ಸರಳಿಗೆ ತಟ್ಟುತ್ತಿದ್ದರು. ಕಂಡಕ್ಟರ್‌ಗಳ ಭಾಷೆ ಅದು. ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಹೊರಡು. ಇವರು ಒಂದೊಂದೇ ಸಲ ತಟ್ಟುತ್ತಿದ್ದರು. ನಿಲ್ಲಿಸಿ. ತಡೆದು, ಮತ್ತೆ, ನಿಲ್ಲಿಸಿ.

ತಪಾಸಣೆಯ ದಿನ ನಿಮಗೆ ನೆನಪಿರಬೇಕು. ರೋಗಿಗಳೆಲ್ಲ ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಅಂಗಾತ, ಎದೆಯ ತನಕ ಬಿಳಿ ಹೊದಿಕೆ. ಹೊದಿಕೆ ಸುಕ್ಕಾಗಬಾರದೆಂದು ಯಾರನ್ನೂ ಅಲುಗಾಡಿಸಿರಲಿಲ್ಲ. ತಪಾಸಣೆಯ ದೊಡ್ಡ ಮನುಷ್ಯರು ನಮ್ಮ ಮಂಚದ ಮುಂದೆ ಬಂದಾಗ ಇವರು ಜೋರಾಗಿ ಒಂದು ಸಲ ತಟ್ಟಿದರು.

"ಇವರಿಗೇನಾಗಿದೆ?" ಎಂದು ಅವರು ಕೇಳಿದರು.

"ಸಂತೋಷ ಸಾರ್. ನಮ್ಮ ಪೇಷೆಂಟ್‌ಗಳು ಯಾವಾಗ್ಲೂ ಖುಷಿಯಾಗಿರ್ತಾರೆ" ಎಂದಿರಿ ನೀವು.

"ಅಲ್ಲ ಸಾರ್, ನಿಲ್ಸಿ ಅಂತಿದ್ದಾರೆ. ಅವರಿಗೆಲ್ಲೋ ನೋಯ್ತಿದೆ!" ಎಂದು ನಾನು ಗೆರೆಯಾಚೆಯಿಂದ ಕೂಗಿದೆ. ನನ್ನನ್ನು ಹೊರಗೆ ಕಳಿಸಿದಿರಿ. ದೊಡ್ಡ ಮನುಷ್ಯರು ನನ್ನ ಗಂಡನಿಗೆ ನಗುನಗುತ್ತಾ ಕೈಬೀಸಿ ಮುಂದಿನ ಮಂಚಕ್ಕೆ ಹೋದರು. ನಾನು ತಿರುಗಿ ಬರುವಷ್ಟರಲ್ಲಿ ಇವರ ಎಡಗೈಗೆ ಹತ್ತಿ ಸುತ್ತಿ, ಬ್ಯಾಂಡೇಜ್ ಬಟ್ಟೆಯಿಂದ ಸರಳಿಗೆ ಕಟ್ಟಿದ್ದರು. ಸದ್ದಿನಿಂದ ಉಳಿದವರಿಗೆ ತೊಂದರೆಯಂತೆ. ಇವರು ಆಮೇಲೂ ತಟ್ಟುತ್ತಲೇ ಇದ್ದರು. ಹತ್ತಿಯೊಳಗೆ ಬೆರಳು ಅಲ್ಲಾಡುವುದು ನನಗೆ ಕಾಣುತ್ತಿತ್ತು.

ಆಮೇಲೆ ವಾಸನೆ ಬಂತು. ನೀವು ವಾರ್ಡಿಗೆಲ್ಲ ಗುಲಾಬಿ ಸ್ಪ್ರೇ ಹೊಡೆಸಿದಿರಿ. ಗುಲಾಬಿಯನ್ನೂ ಮೀರಿ ವಾಸನೆ ಬಂದಾಗ ಚಿಕ್ಕ ಡಾಕ್ಟರೊಬ್ಬರು ಹೊದಿಕೆ ಸರಿಸಿ, ಇವರನ್ನು ಹೊರಳಿಸಿದರು. ಹಾಸಿಗೆಯ ಬಟ್ಟೆ ಮೈಯಿಂದ ಬಿಡಲಿಲ್ಲ. ಬಿಟ್ಟಾಗ ಒಂಟಿಯಾಗಿ ಬರಲಿಲ್ಲ. "ಯಾಕಮ್ಮ ಮೊದಲೇ ಹೇಳಲಿಲ್ಲ?" ಎಂದು ಆ ಡಾಕ್ಟರ್ ನನ್ನನ್ನು ಗದರಿದರು. ನನಗೆ ನಗು ಬಂತು. ಇವಳಿಗೆ ಬುದ್ಧಿ ಕೆಟ್ಟಿದೆ ಎನ್ನುವ ಹಾಗೆ ಅವರು ನನ್ನನ್ನು ನೋಡಿದರು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಹಾಗೆ ಈಗ ಗಾಳಿ ಹಾಸಿಗೆ ಬಂದಿದೆ, ಇಬ್ಬರು ಆಯಾಗಳು ಬಂದು ಹೊರಳಿಸುತ್ತಾರೆ. ಪ್ರಶಸ್ತಿಯೂ ಬಂತು. ನಿಮ್ಮ ಕೋಣೆಯ ಗೋಡೆಯ ಮೇಲೆ ನೋಡಿದೆ, ಚೆನ್ನಾಗಿದೆ.

ಆ ಕೋಣೆಯಲ್ಲಿ ನಾನು ಇನ್ನೊಂದನ್ನೂ ನೋಡಿದೆ. ನಿಮ್ಮ ಮೆತ್ತನೆಯ ಕುರ್ಚಿಯ ಮೇಲೆ ಕೂತು ನನ್ನ ಮಾತು ಕೇಳುವ ಹೊತ್ತಿನಲ್ಲಿ ನೀವು ಒಮ್ಮೆ ಎಡಕ್ಕೆ ವಾಲಿದಿರಿ, ಒಮ್ಮೆ ಬಲಕ್ಕೆ. ಕಾಲ ಮೇಲೆ ಕಾಲು ಹಾಕಿದಿರಿ, ತೆಗೆದಿರಿ, ಹಿಂದಕ್ಕೆ ಒರಗಿದಿರಿ, ಪ್ಯಾಂಟು ಸರಿಮಾಡಿಕೊಂಡು ಮತ್ತೆ ಕೂತಿರಿ. ಯಾರೂ ಹೇಳಿಕೊಡಲಿಲ್ಲ, ನಿಮಗೇ ಗೊತ್ತಾಗಲಿಲ್ಲ. ರಕ್ತ ಓಡಾಡಬೇಕು, ಒಂದೇ ಕಡೆ ಭಾರ ಬಿದ್ದರೆ ಮಾಂಸ ಸಾಯುತ್ತದೆ, ಸತ್ತ ಕಡೆ ಕ್ರಿಮಿ ಇಳಿಯುತ್ತದೆ ಎನ್ನುವ ವಿಜ್ಞಾನವೆಲ್ಲ ತಮ್ಮ ಪೃಷ್ಠಕ್ಕೆ ಚೆನ್ನಾಗಿ ತಿಳಿದಿದೆ. ಆ ವಿವೇಕ ಅಲ್ಲಿಂದ ಮೇಲಕ್ಕೆ ಹತ್ತಲಿಲ್ಲ, ಅಷ್ಟೇ.

ಮೊನ್ನೆಯಿಂದ ಇವರಿಗೆ ಜ್ವರ ಇಳಿದಿಲ್ಲ. ನಂಜು ರಕ್ತಕ್ಕೆ ಸೇರಿದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ನಿನ್ನೆ ಸಿಸ್ಟರ್ ಬೇಕೆಂದೇ ಆ ಕಡೆ ತಿರುಗಿಕೊಂಡರು, ಪುಣ್ಯಾತ್ಗಿತ್ತಿ. ನಾನು ಗೆರೆ ದಾಟಿ ಕೈಯ ಕಟ್ಟು ಬಿಚ್ಚಿದೆ. ಇವರು ನನ್ನನ್ನೇ ನೋಡಿದರು. ನೋಡುತ್ತಾ ಸರಳಿಗೆ ತಟ್ಟಿದರು. ಈ ಸಲ ಎರಡು ಸಲ.

ಎಲ್ಲಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಸಂಜೆ ಬಂದ ಬೇರೆ ಸಿಸ್ಟರ್ ಮತ್ತೆ ಕೈ ಕಟ್ಟಿದರು.

ಪರಿಹಾರ ಬೇಡ, ವಿಷಾದ ಪತ್ರ ಬೇಡ. ಮೊದಲು ಆ ಕೈ ಬಿಚ್ಚಿಸಿ, ಇವತ್ತೇ. ಇರುವಷ್ಟು ಹೊತ್ತು ಅವರು ತಟ್ಟಲಿ, ನಿಮ್ಮ ಪ್ರಶಸ್ತಿಯ ಗೋಡೆಗೂ ಕೇಳಲಿ. ಎರಡನೆಯದಾಗಿ, ಆ ಮಂಚ ಖಾಲಿಯಾದ ಮೇಲೆ ತಾವು ಬಂದು ಅದರ ಮೇಲೆ ಅಂಗಾತ ಮಲಗಬೇಕು. ಬೆಳಗಿನಿಂದ ಸಂಜೆಯ ತನಕ, ಮೆಟ್ಟಿಲು ಉಜ್ಜಿ ಮುಗಿಯುವವರೆಗೆ ಸಾಕು. ಕೈಗೆ ಹತ್ತಿಯನ್ನು ನಾನೇ ಸುತ್ತುತ್ತೇನೆ. ಅಂಜಬೇಡಿ, ಕೈ ತೊಳೆದುಕೊಂಡೇ ಸುತ್ತುತ್ತೇನೆ. ಆಮೇಲೆ ಹಳದಿ ಗೆರೆಯ ಆಚೆ ಸ್ಟೂಲ್ ಹಾಕಿಕೊಂಡು ಕೂತಿರುತ್ತೇನೆ. ನಿಮ್ಮ ಬೆರಳು ಅಲ್ಲಾಡಿದಾಗಲೆಲ್ಲ ಪ್ರೀತಿಯಿಂದ ಹೇಳುತ್ತೇನೆ, "ತಿರುಗ್ಸೋರು ಬರ್ತಾರೆ ಸಾರ್."

ಇಂತಿ,
ಕೈಯಲ್ಲಿ ಕ್ರಿಮಿ ಇರುವ ಹೆಂಗಸು,
ಕಂಡಕ್ಟರರ ಹೆಂಡತಿ, ಸದ್ಯಕ್ಕೆ