ಎಂಟನೇ ತರಗತಿಯ ಸಹಿ

ಜೂನ್ 3, ಬೆಳಗ್ಗೆ 8.10
ಮೂವರು ಟೀಚರ್ ರಜೆ. ಯಾರ ಪೀರಿಯಡ್ ಯಾರಿಗೆ ಎಂದು ಹಂಚುವಷ್ಟರಲ್ಲಿ ಕಾಫಿ ಆರಿಹೋಯಿತು. ಮುಖ್ಯೋಪಾಧ್ಯಾಯಿನಿಯಾಗಿ ಇಂದಿಗೆ ಒಂಬತ್ತನೇ ದಿನ. ಈ ಹಂಚುವ ಕೆಲಸ ನೀರು ಕುಡಿದಷ್ಟು ಸಲೀಸು. ಇಷ್ಟು ವರ್ಷ ಮಾಡಿದ್ದೇ ಇದನ್ನಲ್ಲವೇ...

ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಹೊಗಳಿದರು. ಹತ್ತು ವರ್ಷ ಪಾಠ ಮಾಡಿ ಮೇಲೆ ಬಂದವರಂತೆ ನಾನು, ಕ್ಲಾಸಿನ ಕಷ್ಟ ಗೊತ್ತಿರುವವರಂತೆ. ತಲೆಯಾಡಿಸಿದೆ. ನಾಚಿಕೆಗೆಟ್ಟವಳು.

ಜೂನ್ 5, ಮಧ್ಯಾಹ್ನ
ಚಿಕ್ಕ ಮಿಸ್ ಬಂದಿದ್ದಳು. ಕುಳ್ಳಗಿದ್ದಾಳೆಂದು ಮಕ್ಕಳಿಟ್ಟ ಹೆಸರು, ಈಗ ಎಲ್ಲರಿಗೂ ಅದೇ. ಇನ್ನೂ ಟೆಂಪರರಿ. ಬೇರೆ ಶಾಲೆಯಲ್ಲಿ ಕಾಯಂ ಹುದ್ದೆ ಇದೆ, ನಾಲ್ಕು ವರ್ಷ ಪಾಠ ಮಾಡಿದ ಅನುಭವ ಪತ್ರ ಬೇಕು. ಅರ್ಜಿ ಕೊಡಲು ಹದಿನಾಲ್ಕನೇ ತಾರೀಖು ಕೊನೆ.

"ಎಂಟನೇ ಕ್ಲಾಸಿನ ಗಣಿತ ನಾಲ್ಕು ವರ್ಷ ನಾನೇ ಮಾಡಿದ್ದೀನಲ್ಲ ಅಕ್ಕ... ಮೇಡಂ. ಅಷ್ಟು ಬರೆದುಕೊಟ್ರೆ ಸಾಕು."

ಅದಕ್ಕೇನಂತೆ ಎಂದೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡೆ.

ಜೂನ್ 6
ಇಲ್ಲಿಯಾದರೂ ನಿಜ ಬರೆಯುತ್ತೇನೆ. ಪಾಠ ಮಾಡಿದ್ದು ಆರು ವರ್ಷ. ಆಮೇಲೆ ಹಿಂದಿನ ಹೆಡ್‌ಮಾಸ್ಟರ್ ಆಫೀಸಿಗೆ ಕರೆದರು – ಟೈಮ್‌ಟೇಬಲ್, ಅಡ್ಮಿಶನ್, ಪರೀಕ್ಷೆ. ನನ್ನ ಎಂಟನೇ ಕ್ಲಾಸಿಗೆ ಚಿಕ್ಕ ಮಿಸ್ ಹೋದಳು. "ಒಂದು ವಾರ ನೋಡ್ಕೊಳ್ಳಮ್ಮ" ಎಂದಿದ್ದೆ. ಆ ವಾರ ನಾಲ್ಕು ವರ್ಷವಾಯಿತು. ಪೀರಿಯಡ್ ರಿಜಿಸ್ಟರಿನಲ್ಲಿ ಮಾತ್ರ ದಿನಾ ಸಂಜೆ ನನ್ನ ಸಹಿ. ಹತ್ತು ವರ್ಷ ಪಾಠ ಮಾಡದವರನ್ನು ಈ ಕುರ್ಚಿಯಲ್ಲಿ ಕೂರಿಸುವುದಿಲ್ಲ, ಸಹಿ ನಿನ್ನದೇ ಇರಲಿ ಎಂದು ಹೆಡ್‌ಮಾಸ್ಟರೇ ಹೇಳಿದ್ದರು. ಸಂದರ್ಶನದಲ್ಲಿ ಹತ್ತು ಎಂದೆ. ನಾಲಿಗೆ ತೊದಲಲೂ ಇಲ್ಲ.

ಇವತ್ತು ಗುಮಾಸ್ತರು ಆ ನಾಲ್ಕೂ ವರ್ಷದ ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟರು. ಅವರಿಗೆ ಎಲ್ಲ ಗೊತ್ತು. "ಚಿಕ್ಕ ಮಿಸ್‌ಗೆ ಬರೆದುಕೊಟ್ರೆ, ಆ ನಾಲ್ಕು ವರ್ಷ ನೀವೇನು ಮಾಡ್ತಿದ್ರಿ ಅಂತ ಕೇಳ್ತಾರೆ ಮೇಡಂ," ಎಂದು ಕನ್ನಡಕ ಒರೆಸುತ್ತ ನಿಂತರು.

ಜೂನ್ 9
ಅವಳು ಪತ್ರ ಕೇಳಿದಳು. ಸೀಲು ಸಿಗುತ್ತಿಲ್ಲ ಎಂದೆ. ಸೀಲು ನನ್ನ ಮೊಣಕಾಲಿಗೆ ತಾಗುವ ಡ್ರಾಯರಿನಲ್ಲೇ ಇತ್ತು. ಪಾಪ, ಅವಳು ಊಟ ಬಿಟ್ಟು ಬೀರುಗಳನ್ನೆಲ್ಲ ತಡಕಿದಳು, ಲ್ಯಾಬಿನಲ್ಲೂ ನೋಡಿ ಬಂದಳು. ತಲೆಯೆಲ್ಲ ಧೂಳು. "ನಾಳೆ ಮತ್ತೆ ಹುಡುಕ್ತೀನಿ ಮೇಡಂ, ನೀವು ತಲೆ ಕೆಡಿಸ್ಕೋಬೇಡಿ" ಎಂದು ನನಗೇ ಸಮಾಧಾನ ಹೇಳಿದಳು.

ಸಂಜೆ ಮನೆಯಲ್ಲಿ ಇವರಿಗೆ ಹೇಳಿಕೊಂಡೆ. ಅವಳಿಗಿನ್ನೂ ವಯಸ್ಸಿದೆ, ನಿನಗೆ ಇದು ಕೈತಪ್ಪಿದರೆ ಮುಗಿಯಿತು ಎಂದರು. ಕೇಳಿ ಹಾಯೆನಿಸಿತು. ಛೆ, ಎಂಥವಳಾಗಿಬಿಟ್ಟೆ.

ಜೂನ್ 12
ಕೊಟ್ಟೆ. "ಬೋಧನಾ ಸಹಾಯಕಿಯಾಗಿ ನಾಲ್ಕು ವರ್ಷ." ಈ ಉಪಾಯವೂ ಹಳೆಯ ಹೆಡ್‌ಮಾಸ್ಟರರದೇ, ಫೋನಿನಲ್ಲಿ ಹೇಳಿಕೊಟ್ಟರು. ಸಹಾಯಕಿ ಎಂದರೆ ಅರ್ಜಿಯನ್ನು ಪಕ್ಕಕ್ಕಿಡುತ್ತಾರೆ. ನನಗೂ ಗೊತ್ತು, ಅವಳಿಗೂ ಗೊತ್ತು.

ನಿಂತೇ ಓದಿದಳು. ಎರಡು ಸಲ. ಜಗಳವಾಡುತ್ತಾಳೆಂದು ಉತ್ತರ ಸಿದ್ಧ ಮಾಡಿಕೊಂಡು ಕೂತಿದ್ದೆ.

"ಸಹಾಯ ಮಾಡಿದ್ದು ನಿಜ ತಾನೇ ಅಕ್ಕ," ಎಂದಳು. ಪತ್ರ ಮಡಚಿ, ಪುಸ್ತಕದೊಳಗಿಟ್ಟು, ಕ್ಲಾಸಿಗೆ ಹೋದಳು.

ಜೂನ್ 14, ಮಧ್ಯಾಹ್ನ 1.50
ನಿನ್ನೆ ಶಾಲೆಗೆ ಹೋಗಲಿಲ್ಲ. ತಲೆನೋವು ಎಂದು ಸುಳ್ಳು ಹೇಳಿದೆ.

ಇಂದು ಊಟದ ಬಿಡುವಿನಲ್ಲಿ ಬೇರೆ ಪತ್ರ ಬರೆದೆ. ಕೈಬರಹದಲ್ಲೇ. "ನಾಲ್ಕು ವರ್ಷ ಎಂಟನೇ ತರಗತಿಗೆ ಗಣಿತವನ್ನು ಪೂರ್ಣವಾಗಿ ಬೋಧಿಸಿದ್ದಾರೆ." ಸೀಲು ಒತ್ತಿದೆ. ಗುಮಾಸ್ತರು ಓದಿ, ಹೊರಹೋಗುವ ಪತ್ರಗಳ ಔಟ್‌ವರ್ಡ್ ನಂಬರ್ ಹಾಕಿಕೊಟ್ಟರು. ಅವಳನ್ನು ಕರೆದು ಕೈಗಿಟ್ಟು, ನಾಲ್ಕು ಗಂಟೆಯೊಳಗೆ ಮುಟ್ಟಿಸು, ಆಟೋದಲ್ಲಿ ಹೋಗು ಎಂದೆ. ಅವಳು ಓದಿದಳು. ನನ್ನ ಮುಖ ನೋಡಿದಳು.

"ನಿಮಗೆ?" ಎಂದಳು.

ಹೊತ್ತಾಯಿತು ಹೋಗು ಎಂದು ಗದರಿದೆ. ಓಡಿದಳು.

ಈ ಪತ್ರವೂ ನನ್ನ ಸಹಿಯ ರಿಜಿಸ್ಟರೂ ಒಂದಲ್ಲ ಒಂದು ದಿನ ಒಂದೇ ಮೇಜಿನ ಮೇಲೆ ಬರುತ್ತವೆ. ಅದಕ್ಕೂ ಮೊದಲು ನಾನೇ ಆಡಳಿತ ಮಂಡಳಿಗೆ ಬರೆಯಬೇಕು. ಭಯವಾಗುತ್ತಿದೆ. ಈ ಕುರ್ಚಿ ನನಗೆ ಬಹಳ ಇಷ್ಟ.

2.05
ಬೆಲ್ ಹೊಡೆಯಿತು. ಎಂಟನೇ ಕ್ಲಾಸಿನಿಂದ ಗದ್ದಲ. ಅಲ್ಲಿ ಈಗ ಯಾರೂ ಇಲ್ಲ. ಬೇರೆಯವರನ್ನು ಕಳಿಸಬಹುದು, ಪಟ್ಟಿ ಕೈಯಲ್ಲೇ ಇದೆ. ಬೇಡ, ನಾನೇ ಹೋಗುತ್ತೇನೆ. ಯಾವ ಪಾಠ ನಡೆಯುತ್ತಿದೆಯೆಂದು ಅವಳನ್ನು ಕೇಳಲೇ ಇಲ್ಲ. ನಾಲ್ಕು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ.