ದಾದಿಯ ಹೆಸರಿನ ಸೀಸೆ

ಸೋಮವಾರ, ತಾರೀಖು ೧೪
ಆಸ್ಪತ್ರೆಯ ಬಟ್ಟೆ ಕೋಣೆ, ಊಟದ ಬಿಡುವು

ನನ್ನ ಕನ್ನಡಕದಂಗಡಿ ಹುಡುಗಿಗೆ,

ಹೇಗಿದ್ದೀಯ ಮಗಳೇ? ನಿನ್ನ ಕಾಗದ ಗುರುವಾರವೇ ಕೈಸೇರಿತು. ಇಸ್ತ್ರಿಯವನು ಅದನ್ನು ಗಾಳಿಯಲ್ಲಿ ಆಡಿಸುತ್ತಾ ಬಂದು, "ತಗೊಳ್ಳಿ ಅಮ್ಮಾ, ನಿಮ್ಮ ದೆವ್ವಗಳು ಬಂದ್ವು" ಎಂದ. ಮನೆ ಬಿಟ್ಟುಹೋದ ಸೊಸೆ ನಾಲ್ಕು ತಿಂಗಳಿಂದ ವಾರವಾರ ಅತ್ತೆಗೆ ಧಾರಾವಾಹಿಯ ವಿಷಯ ಬರೆಯುತ್ತಾಳೆಂದರೆ ಅವನಿಗೆ ತಮಾಷೆ. ಫೋನಾದರೆ ನನ್ನ ಮಗ ತೆಗೆದು ನೋಡುತ್ತಾನೆ ಎಂಬುದನ್ನು ಅವನಿಗೆ ಹೇಳಲು ಹೋಗಲಿಲ್ಲ.

ಉತ್ತರ ತಡವಾಯಿತು. ಗೌನುಗಳಿಗೆ ಲಾಡಿ ಹೊಲಿಯುವುದು ರಾಶಿ ಬಿದ್ದಿತ್ತು ಅನ್ನಬಹುದು, ಬಿದ್ದೂ ಇತ್ತು. ಆದರೆ ನಿನ್ನ ಕಾಗದದ ಒಂದು ಸಾಲಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹದಿನೆಂಟನೇ ಸಂಚಿಕೆ. ಶನಿವಾರ ನಿನಗೆ ಸಂಜೆ ಪಾಳಿ, ನೋಡಿರಲಾರೆ.

ದೋಣಿಯವನ ಪ್ರೇತ ಕೊನೆಗೂ ಕೋಟೆಯ ನೆಲಮಾಳಿಗೆಗೆ ಇಳಿಯಿತು. ಈ ಸಲವೂ ಅವನ ಮೀಸೆ ಒಂದು ಕಡೆ ಎದ್ದುಕೊಂಡಿತ್ತು. ಸತ್ತು ಇನ್ನೂರು ವರ್ಷವಾದವನಿಗೆ ಹಣೆಯ ಮೇಲೆ ಬೆವರು ಬೇರೆ! ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಲ್ಲಿ ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಸೀಸೆಗಳು. ಮಾಯಗಾತಿ ಕದ್ದ ಧ್ವನಿಗಳೆಲ್ಲ ಅವುಗಳೊಳಗೆ ಮಿಣುಕುತ್ತಿವೆ, ಒಂದೊಂದರ ಮೇಲೂ ಹೆಸರಿನ ಚೀಟಿ. ಮೂಗಿಯಾಗಿದ್ದ ರಾಜಕುಮಾರಿಯ ಸೀಸೆ ಸಿಕ್ಕಿತು. ಅಡುಗೆಯವನದು, ಕಾವಲಿನವನದು ಎಲ್ಲ ಸಿಕ್ಕವು. ರಾಜಕುಮಾರಿಯನ್ನು ಸಾಕಿದ ದಾದಿಯದು ಮಾತ್ರ ಸಿಗಲಿಲ್ಲ.

ಈ ದಾದಿಯ ವಿಷಯದಲ್ಲಿ ನಾವು ಎಷ್ಟು ಜಗಳವಾಡಿದೆವು! ರಾಜಕುಮಾರಿಯನ್ನು ನೆಲಮಾಳಿಗೆಗೆ ಎಳೆದೊಯ್ದಾಗ ಬಾಗಿಲ ಬಳಿ ದೀಪ ಹಿಡಿದು ನಿಂತವಳು ಅವಳು. ಮಗಳಿಗೆ ಏನಾಯಿತೆಂದು ರಾಣಿ ಕೇಳಿದಾಗ ತಲೆ ತಗ್ಗಿಸಿದವಳೂ ಅವಳೇ. ಹನ್ನೆರಡನೇ ಸಂಚಿಕೆಯಾದ ಮೇಲೆ ನೀನು ಎರಡು ಪುಟ ಅವಳನ್ನು ಬೈದು ಬರೆದಿದ್ದೆ. ನಾನು ಮೂರು ಪುಟ ಅವಳ ಪರ ಬರೆದೆ. ಪಾಪ, ಅವಳ ಧ್ವನಿಯೂ ಸೀಸೆಯಲ್ಲಿದೆ, ಬಾಯಿ ಬಿಡು ಅಂದರೆ ಎಲ್ಲಿಂದ ಬಿಟ್ಟಾಳು ಎಂದೆ. ಅಂಥವಳನ್ನು ಬೈಯಲು ನಿನಗೆ ಮನಸ್ಸಾದರೂ ಹೇಗೆ ಬಂತು ಎಂದೂ ಕೇಳಿದ್ದೆ.

ಪ್ರೇತ ಎಲ್ಲ ಕಪಾಟು ಹುಡುಕಿ ಅವಳ ಕಡೆ ತಿರುಗಿತು. "ನಿನ್ನ ಸೀಸೆ ಇಲ್ಲಿಲ್ವಲ್ಲಮ್ಮಾ" ಎಂದಿತು. ದಾದಿ ಬಾಯಿ ತೆರೆದು, ಇಷ್ಟು ದಿನ ಮಾತಾಡದ ಒರಟು ಗಂಟಲಲ್ಲಿ, "ನನ್ನದನ್ನ ಅವಳು ತಗೊಳ್ಳಲೇ ಇಲ್ಲ" ಎಂದಳು.

ಅಷ್ಟಕ್ಕೆ ಮುಗಿಯಿತು.

ಮಗ ಪಕ್ಕದಲ್ಲೇ ಕೂತು ಶೂ ಬಿಚ್ಚುತ್ತಿದ್ದ. "ದೆವ್ವದ ಕಥೆಗೆ ಯಾರಾದ್ರೂ ಅಳ್ತಾರೇನಮ್ಮಾ?" ಎಂದು ನಕ್ಕ. ಕಣ್ಣಿಗೆ ಏನೋ ಬಿತ್ತು ಎಂದೆ. ನೋಡು, ಸುಳ್ಳು ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ.

ಈಗ ನಿನ್ನ ಆ ಸಾಲು. ಮಾಯಗಾತಿಯ ಕುದುರೆಗೆ ನೆರಳು ಯಾಕಿಲ್ಲ ಎಂದು ಕೇಳಿ, ಅದರ ಕೆಳಗೆ ಏನೂ ಅಲ್ಲವೆಂಬಂತೆ ಬರೆದಿದ್ದೀಯ: ಅತ್ತೇ, ಮುಂದಿನ ತಿಂಗಳು ಕೋರ್ಟಿನಲ್ಲಿ ವಿಚಾರಣೆ ಇದೆ, ಆವತ್ತು ನೀವು ನೋಡಿದ್ದನ್ನು ಹೇಳುತ್ತೀರಾ? ಮತ್ತೆ ಕೂಡಲೇ ದೋಣಿಯವನ ಮೀಸೆಗೆ ಹೋಗಿಬಿಟ್ಟಿದ್ದೀಯ. ನನ್ನನ್ನು ಕಷ್ಟಕ್ಕೆ ಸಿಕ್ಕಿಸಬಾರದೆಂದು ಹಾಗೆ ಮಾಡಿದೆ, ಗೊತ್ತು.

ನಾನು ನೋಡಿದ್ದು ಇದು. ಎರಡನೇ ಸಂಚಿಕೆ ಮುಗಿದಿತ್ತು. ನಾವಿಬ್ಬರೂ ಸೋಫಾದ ಮೇಲೆ ಕೂತು ಇನ್ನೂ ಅದರ ಮಾತೇ ಆಡುತ್ತಿದ್ದೆವು. ನನ್ನ ಮಗ ಬಂದ. ಕರೆದದ್ದು ಕೇಳಿಸಲಿಲ್ಲವೇ ಎಂದು ನಿನ್ನ ಕೈ ಹಿಡಿದು ಕೋಣೆಗೆ ಎಳೆದ. ನೀನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಅವನು ಬಾಗಿಲು ತಳ್ಳಿದ. ಬಿಡು ಎಂದು ನೀನು ಕೂಗಿದೆ, ಅವನು ಇನ್ನೊಮ್ಮೆ ತಳ್ಳಿದ. ನಿನ್ನ ಮಣಿಕಟ್ಟು ಮುರಿದದ್ದು ಆ ಎರಡನೇ ಸಲ. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ರಿಮೋಟು ಕೈಯಲ್ಲಿತ್ತು.

ಆಮೇಲೆ ನಿನ್ನನ್ನು ಇದೇ ಆಸ್ಪತ್ರೆಗೆ ಕರೆತಂದವಳೂ ನಾನೇ. ಮೂಳೆ ಡಾಕ್ಟರು ಏನಾಯಿತೆಂದು ನಿನ್ನನ್ನು ಕೇಳಿದರು. ನೀನು ನನ್ನ ಮುಖ ನೋಡಿದೆ. ನಾನು "ಬಚ್ಚಲಲ್ಲಿ ಜಾರಿಬಿದ್ಲು ಡಾಕ್ಟ್ರೇ" ಎಂದೆ. ಇಪ್ಪತ್ತೊಂದು ವರ್ಷದಿಂದ ಅವರ ಬಿಳಿ ಕೋಟಿಗೆ ಗುಂಡಿ ಹಾಕುತ್ತಾ ಬಂದವಳು ನಾನು. ಅವರು ನಂಬಿ ಬರೆದುಕೊಂಡರು. ಆ ಬರಹವನ್ನೇ ಈಗ ಅವನ ವಕೀಲ ಎತ್ತಿ ಹಿಡಿದಿದ್ದಾನೆ.

ಇದಕ್ಕೆ ಕಾರಣ ಹೇಳಲು ಹೊರಟರೆ ಎಷ್ಟೋ ಇವೆ. ಅವನಿಗೆ ಒಂಬತ್ತು ತುಂಬುವ ಮೊದಲೇ ಅಪ್ಪ ಹೋದರು. ಟೈರ್ ಅಂಗಡಿಯಿಂದ ಎಷ್ಟೇ ದಣಿದು ಬಂದರೂ ನನ್ನ ಮಂಡಿಗೆ ಎಣ್ಣೆ ತಿಕ್ಕದೆ ಮಲಗುವವನಲ್ಲ. ಅದೂ ಅವನೇ, ಬಾಗಿಲು ತಳ್ಳಿದವನೂ ಅವನೇ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಂಡು ನನಗೆ ಸುಸ್ತಾಗಿದೆ ಮಗಳೇ. ಮೈ ಸುಸ್ತಲ್ಲ, ಮಲಗಿ ಎದ್ದರೂ ಹೋಗುವುದಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಸಹಿ ಹಾಕುವ ಮೊದಲು ಮೂಳೆ ಡಾಕ್ಟರ ಕೋಣೆಗೆ ಹೋದೆ. ಮಂಡಿ ತೋರಿಸಲು ಬಂದೆನೆಂದುಕೊಂಡು ಕೂರಲು ಹೇಳಿದರು. ನಿಂತುಕೊಂಡೇ ಹೇಳಿದೆ. ಬಚ್ಚಲಲ್ಲಿ ಬೀಳಲಿಲ್ಲ, ಬಾಗಿಲು, ನನ್ನ ಮಗ, ಎರಡು ಸಲ. ಅವರು ಪೆನ್ನು ಕೆಳಗಿಟ್ಟರು. "ಆವತ್ತೇ ಯಾಕಮ್ಮಾ ಹೇಳ್ಲಿಲ್ಲ?" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಲ್ಲಗೆ ಕೇಳಿದರು. ಹೇಳಿದ್ದನ್ನು ಅವರು ಬರೆದರು, ನಾನು ಓದಿ ರುಜು ಹಾಕಿದೆ. ಒಂದು ಪ್ರತಿ ಇದರ ಜೊತೆಗಿದೆ, ನಿನ್ನ ವಕೀಲರಿಗೆ ಕೊಡು. ವಿಚಾರಣೆಯ ದಿನ ರಜೆ ಕೇಳಿದ್ದೇನೆ. ಬಂದೇ ಬರುತ್ತೇನೆ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬಹುದು. ನಾಲ್ಕು ತಿಂಗಳು ನಿನ್ನ ಹತ್ತಿರ ಪ್ರೇತ, ಮಾಯಗಾತಿ ಎಂದು ಮಾತು ಬೆಳೆಸಿಕೊಂಡು ಬಂದವಳು ಈಗ ಆ ಒಂದು ಮಾತು ಕೇಳಿದರೆ ನೀನು ಕೊಟ್ಟುಬಿಡುತ್ತೀಯ. ಅಷ್ಟು ಸುಲಭವಾಗಿ ಕೊಡಬೇಡ. ಚಿಕ್ಕ ಸ್ಕ್ರೂಡ್ರೈವರ್ ಹಿಡಿದರೆ ಈಗಲೂ ಬೆರಳು ನಡುಗುತ್ತದೆ ಎಂದು ಬರೆದಿದ್ದೆಯಲ್ಲ, ಅದು ನಿಂತ ಮೇಲೆ ಯೋಚನೆ ಮಾಡು.

ಇಸ್ತ್ರಿಯವನು ಬಟ್ಟೆಗಾಡಿ ತಳ್ಳಿಕೊಂಡು ಬಂದ. ಬಿಡುವು ಮುಗಿಯಿತು.

ನೀನು ಬೇಡವೆನ್ನುವವರೆಗೂ
ನಿನ್ನ ಅತ್ತೆ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಸಾಕ್ಷಿ ಹೇಳುತ್ತೇನೆಂದು ಮಗನಿಗೆ ನಿನ್ನೆ ಭಾನುವಾರವೇ ಹೇಳಿದೆ. ಅವನು ಕೂಗಾಡಲಿಲ್ಲ. "ಹಾಗಿದ್ರೆ ನೀನೂ ಹೋಗಮ್ಮಾ" ಎಂದು ಬಾಗಿಲು ತೆಗೆದು ಹಿಡಿದ. ನಾನು ಹೊರಟುಬಂದೆ. ಸದ್ಯಕ್ಕೆ ನನ್ನ ಜೊತೆ ಹೊಲಿಯುವಾಕೆಯ ಮನೆಯಲ್ಲಿ, ಅವಳ ಹೊಲಿಗೆ ಯಂತ್ರದ ಪಕ್ಕ ಮಲಗುತ್ತೇನೆ. ಅವರಲ್ಲಿ ಟಿವಿ ಇಲ್ಲ. ಹತ್ತೊಂಬತ್ತನೆಯದನ್ನು ನೀನೇ ನೋಡಿ ನನಗೆ ಬರೆ.