ಸುಮ್ಮನೆ ನೀರಿಗಿಳಿದ ಅಕ್ಕಣಿ

ಕಾಂಡ್ಲಕೋಡಿ, ಸೀತಾನದಿಯ ಹೊಸ ಬಾಯಿ
ಎರಡನೇ ದಂಡೆ ಮುಳುಗಿದ ಮೇಲಿನ ಎಂಬತ್ತನೆಯ ಸೋಣ ತಿಂಗಳು. ನಿಮ್ಮ ಲೆಕ್ಕದಲ್ಲಿ ಕ್ರಿಸ್ತಶಕ ೨೨೯೧ರ ಆಗಸ್ಟ್ ಕೊನೆ

ಭಾನುವಾರ ಬೆಳಿಗ್ಗೆ ಕಯಾಕ್ ಹತ್ತಿ ಹಿನ್ನೀರಿನಲ್ಲಿ ಸುತ್ತಾಡಲು ಹೋಗುವ ಹಿರಿಯರಿಗೆ,

ಹಿರಿಯರೆಂದು ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಎಷ್ಟೋ ಜನರಿಗೆ ಇನ್ನೂ ಇಪ್ಪತ್ತು ದಾಟಿರಲಿಕ್ಕಿಲ್ಲ. ಆದರೆ ನಾನು ಈ ಪತ್ರ ಬರೆಯುವ ಹೊತ್ತಿಗೆ ನೀವು ನನ್ನ ಅಜ್ಜನ ಅಜ್ಜನಿಗೂ ಹಿರಿಯರಾಗಿದ್ದೀರಿ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಬಹುದು. ನಿಮ್ಮ ಕಾಲದ ಪದಗಳನ್ನು ನಾನು ಶಾಲೆದೋಣಿಯಲ್ಲಿ ಕಲಿತವನು. ಅಂದರೆ ತಿಂಗಳಿಗೊಮ್ಮೆ ಊರಿಗೆ ಬಂದು, ಮೂರು ದಿನ ಕಟ್ಟಿನಿಂತು, ಮುಂದಿನ ಊರಿಗೆ ಹೋಗುವ ಶಾಲೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನಮ್ಮಲ್ಲಿ ಕತೆ ಹೇಳುವವರಿಗೆ ಎರಡು ಕಟ್ಟುಪಾಡುಗಳಿವೆ. ಆ ಕತೆಯನ್ನು ಮೊದಲು ಹೇಳಿದವರು ಯಾರು, ಹೇಳಿದ್ದು ಯಾವಾಗ ಎನ್ನುವುದರಿಂದ ಶುರುಮಾಡಬೇಕು. ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರೆಂದು ಹೇಳಿ ನಿಲ್ಲಿಸಬೇಕು. ಮರುದಿನ ಯಾರೂ ಏನೂ ಮಾಡದಿದ್ದರೆ ಅದು ಕತೆಯಲ್ಲ, ಬರೀ ಸುದ್ದಿ. ಈ ಕತೆಯನ್ನು ಮೊದಲು ಹೇಳಿದವಳು ದಾರಜ್ಜಿ, ನನ್ನ ಅಜ್ಜಿಯ ತಾಯಿ. ಎರಡನೇ ದಂಡೆ ಮುಳುಗಿದ ಹನ್ನೊಂದನೆಯ ವರ್ಷದ ಸೋಣ ತಿಂಗಳಲ್ಲಿ, ಒಂದು ಸಂಜೆ, ಗಳ ಇಟ್ಟವರ ಚಾವಡಿಯಲ್ಲಿ ಹೇಳಿದಳು. ಗಳ ಇಡುವುದೆಂದರೇನು ಎಂದು ತಿಳಿಸದೆ ಮುಂದೆ ಹೋದರೆ ನಿಮಗೆ ಏನೂ ಅರ್ಥವಾಗದು.

ನಮ್ಮ ಮನೆಗಳು ಕಾಲ್ಮನೆಗಳು. ತಾಳೆಮರದ ಕಂಬಗಳ ಮೇಲೆ ನಿಂತಿರುತ್ತವೆ. ಉಬ್ಬರದ ಹೊತ್ತಿಗೆ ಕೆಳಗೆ ನೀರು ಓಡಾಡುತ್ತದೆ, ಇಳಿತದ ಹೊತ್ತಿಗೆ ಏಡಿಗಳು. ಕುಡಿಯಲು ಮಳೆನೀರು, ಉಣ್ಣಲು ಉಪ್ಪುನೀರಿಗೂ ಜಗ್ಗದ ಕಗ್ಗದ ಅಕ್ಕಿ. ಪಕ್ಕದ ಮನೆಯಿಂದ ಬೆಂಕಿ ತರುವುದಕ್ಕೂ ದೋಣಿಯೇ ಬೇಕು. ದೋಣಿಗಳೆಲ್ಲ ಚಪ್ಪಟೆ ತಳದವು. ಅವುಗಳಲ್ಲಿ ನಿಂತುಕೊಂಡೇ ಉದ್ದನೆಯ ಗಳ ಊರಿ ನೂಕುತ್ತೇವೆ. ಕೂತು ದೋಣಿ ನಡೆಸುವುದೆಂಬುದನ್ನು ದಾರಜ್ಜಿಯ ಕಾಲದವರು ಕಂಡಿರಲೇ ಇಲ್ಲ. ಆದ್ದರಿಂದ ಸೊಂಟ ಬಿದ್ದವರು, ಮಂಡಿ ಹೋದವರು, ತಲೆ ತಿರುಗುವವರು ಒಂದು ದಿನ ಕಡವಿಗೆ, ಅಂದರೆ ದೋಣಿ ಹತ್ತಿಳಿಯುವ ದಡಕ್ಕೆ ಬಂದು, ತಮ್ಮ ಗಳವನ್ನು ಅಲ್ಲಿನ ಗೋಡೆಗೆ ಒರಗಿಸಿ ಹೋಗುತ್ತಿದ್ದರು. ಅದೇ ಗಳ ಇಡುವುದು. ಆಮೇಲೆ ಅವರು ನೀರಿನ ಮೇಲೆ ಹೋದರೆ ಹೊರೆಯಾಗಿ ಹೋಗಬೇಕು, ಇನ್ನೊಬ್ಬರ ದೋಣಿಯಲ್ಲಿ, ಭತ್ತದ ಮೂಟೆಯ ಪಕ್ಕದಲ್ಲಿ. ಹಗಲೆಲ್ಲ ಅವರು ಕಡವಿನ ದಿಬ್ಬದ ಅಂಚಿನಲ್ಲಿದ್ದ ಒಂದು ಚಾವಡಿಯಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದರು. ಆ ಚಾವಡಿ ಊರಿನಲ್ಲೇ ಬೆಚ್ಚಗಿನ ಜಾಗ. ಮಾಡಿನ ನೆತ್ತಿಗೆ ಯಾರ ಕಾಲದಲ್ಲೋ ಸಿಕ್ಕ ಉದ್ದನೆಯ ನೀಲಿ ಮುಚ್ಚಳವೊಂದನ್ನು ಕವುಚಿ ಹಾಕಿದ್ದರು. ಎಂಥ ಮಳೆಗೂ ಒಂದು ಹನಿ ಒಳಗೆ ಬೀಳುತ್ತಿರಲಿಲ್ಲ. ಅದರ ಹೊಟ್ಟೆಯಲ್ಲಿದ್ದ ಎರಡು ಕುಳಿಗಳಲ್ಲಿ ಹಕ್ಕಿ ಗೂಡು ಕಟ್ಟುತ್ತಿತ್ತು.

ಇನ್ನೊಂದು ಕಟ್ಟುಪಾಡಿನ ಹೆಸರು ಕೇಳ್ಕೆ. ಕಡವಿನಿಂದ ಹೊರಡುವ ಪ್ರತಿಯೊಬ್ಬರನ್ನೂ ಕಡವಿನ ಯಜಮಾನ ಎಂತ ಕೆಲಸಕ್ಕೆ ಎಂದು ಕೇಳುತ್ತಿದ್ದ. ಹಿಂದಿರುಗಿದಾಗ ತಂದದ್ದೆಂತ ಎಂದು ಕೇಳುತ್ತಿದ್ದ. ಕೆಲಸವಿಲ್ಲದೆ ಯಾರೂ ನೀರಿಗೆ ಇಳಿಯುವಂತಿರಲಿಲ್ಲ. ಇದನ್ನು ಕೇಳಿ ನಗಬೇಡಿ. ಕಡಲು ಒಳಗೆ ಬಂದ ಆ ವರ್ಷಗಳಲ್ಲಿ ಮನೆಮನೆಯಲ್ಲೂ ಒಬ್ಬರನ್ನು ನೀರು ತೆಗೆದುಕೊಂಡು ಹೋಗಿತ್ತು. ಅಷ್ಟು ಕಳೆದುಕೊಂಡವರು ನೀರಿನ ಜೊತೆ ಸಲಿಗೆ ಬೇಡವೆಂದುಕೊಂಡರೆ ಅವರನ್ನು ಬೈಯುವುದು ಹೇಗೆ?

ಈಗ ಅಕ್ಕಣಿಯ ವಿಷಯ. ಊರಿನಲ್ಲಿ ಅವಳಷ್ಟು ಚೆನ್ನಾಗಿ ಗಳ ಹಾಕುವವರು ಇರಲಿಲ್ಲ. ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲ ಗಿಡಗಳ ಬೇರಿನ ನಡುವೆ ಹಾವು ನುಸುಳುವಂಥ ಸಂದಿಯಲ್ಲೂ ಅವಳ ದೋಣಿ ತೂರುತ್ತಿತ್ತಂತೆ. ಒಂದು ಮಳೆಗಾಲ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿಯಿತು. ಗಳ ಇಟ್ಟಳು. ಇಟ್ಟವಳು ಮತ್ತೆ ಒಮ್ಮೆಯೂ ನೀರಿಗೆ ಹೋಗಲಿಲ್ಲ. ಮೂಟೆಯ ಹಾಗೆ ಹೋಗುವುದಕ್ಕಿಂತ ಹೋಗದಿರುವುದೇ ಲೇಸೆಂದಳು. ಚಾವಡಿಯಲ್ಲಿ ನೀರಿನ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದಳಂತೆ. ಆಗ ಕಡವಿನ ಯಜಮಾನನಾಗಿದ್ದವನು ಅವಳ ಒಡಹುಟ್ಟಿದ ತಮ್ಮ ಹೆರಿಯಣ್ಣ. ಅಕ್ಕನ ಬೆನ್ನನ್ನು ನೋಡಿದಾಗಲೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ. ಆದರೆ ಅವನು ತಾನೇ ಏನು ಮಾಡಿಯಾನು?

ನೀವು ಕತೆಯೊಳಗೆ ಬರುವುದು ಇಲ್ಲಿ. ನಿಮ್ಮಲ್ಲಿ ಯಾರೋ ಬಿಟ್ಟುಹೋದ ಕಿತ್ತಳೆ ಬಣ್ಣದ ಕಯಾಕ್ ಒಂದು ಕೆಸರಿನಲ್ಲಿ ಹೂತು, ಕೊಳೆಯದೆ, ಬಣ್ಣವನ್ನೂ ಪೂರ್ತಿ ಕಳೆದುಕೊಳ್ಳದೆ ನಮ್ಮವರ ಕೈಗೆ ಸಿಕ್ಕಿತ್ತು. ಅದು ದೋಣಿಯೆಂದು ಯಾರಿಗೂ ಹೊಳೆಯಲಿಲ್ಲ. ನಿಲ್ಲಲು ಜಾಗವಿಲ್ಲದ್ದು ದೋಣಿ ಹೇಗಾದೀತು? ಬೀಜದ ಭತ್ತ ನೆನೆಹಾಕುವ ಮರಿಗೆ, ಅಂದರೆ ತೊಟ್ಟಿ, ಎಂದುಕೊಂಡರು. ತಳದಲ್ಲಿ ಮೇಲಿಂದ ಕೆಳಕ್ಕೆ ಹಾದುಹೋಗುವ ತೂತುಗಳಿದ್ದವು. ಅಯ್ಯೋ, ಎಷ್ಟು ಒಳ್ಳೆಯ ಮರಿಗೆ ತೂತಾಗಿದೆಯಲ್ಲ ಎಂದು ನಾರು, ಮೇಣ ತುರುಕಿ ಮುಚ್ಚಿದರು. ನಡುವೆ ಒಂದು ನುಣುಪಾದ ಕುಳಿ. ಅದನ್ನೇ ಭತ್ತ ಅಳೆಯುವ ಅಳತೆ ಮಾಡಿಕೊಂಡರು. ಪಾಲು ಹಂಚುವಾಗ ಈ ಮನೆಗೆ ಎರಡು ಕಿತ್ತಳೆ ಭತ್ತ, ಆ ಮನೆಗೆ ಮೂರು ಕಿತ್ತಳೆ ಎನ್ನುತ್ತಿದ್ದರು. ಆ ಹೆಸರಿನ ಹಣ್ಣೊಂದಿತ್ತೆಂದು ನನಗೆ ತಿಳಿದದ್ದು ಮೀಸೆ ಬಂದ ಮೇಲೆ. ಹಿರಿಯರೇ, ನಿಮ್ಮಲ್ಲಿ ಯಾರದೋ ಅಂಡಿನ ಅಳತೆಯಿಂದ ನಮ್ಮೂರು ತಲೆಮಾರುಗಟ್ಟಲೆ ಹೊಟ್ಟೆ ತುಂಬಿಸಿಕೊಂಡಿತು. ಆ ಪುಣ್ಯಾತ್ಮರು ತೆಳ್ಳಗಿದ್ದಿದ್ದರೆ ನಮ್ಮ ಗತಿಯೇನಾಗುತ್ತಿತ್ತೋ!

ಆ ಹನ್ನೊಂದನೆಯ ವರ್ಷ ಮಳೆಗಾಲದ ಮೊದಲ ದೊಡ್ಡ ಉಬ್ಬರಕ್ಕೆ ಮರಿಗೆ ತೇಲಿತು. ಒಳಗೆ ನೆನೆಹಾಕಿದ ಬೀಜ, ಅದನ್ನು ಹೆಕ್ಕಲು ಹತ್ತಿದ ಒಂದು ಹ್ಯಾಟೆ ಕೋಳಿ. ಮರಿಗೆ ಮಗುಚಲಿಲ್ಲ, ವಾಲಲಿಲ್ಲ. ಕೋಳಿಯನ್ನು ಹೊತ್ತುಕೊಂಡು ನೆಟ್ಟಗೆ ಮೂರು ಮನೆ ದಾಟಿ ಚಾವಡಿಯ ಕಂಬಕ್ಕೆ ಬಂದು ನಿಂತಿತು. ಊರೆಲ್ಲ ಬೀಜ ಉಳಿಯಿತೆಂದು ಸಮಾಧಾನ ಪಟ್ಟರೆ ಅಕ್ಕಣಿ ಕೋಳಿಯನ್ನೇ ನೋಡುತ್ತಿದ್ದಳು. ಕೋಳಿ ಕೂತಿತ್ತು. ಬೀಜ ಬಳಿದುಕೊಂಡು ಹೋದ ಮೇಲೆ ಅವಳು ಕೈ ಊರಿ ತೆವಳಿ ಹೋಗಿ ಆ ಕುಳಿಯಲ್ಲಿ ತಾನೇ ಇಳಿದು ಕೂತಳು. ಬೆನ್ನಿಗೆ ಆಸರೆ ಸಿಕ್ಕಿತು. ಮುಂದೆ ಸಾಲಾಗಿದ್ದ ಗುಳಿಗಳು ಯಾತಕ್ಕೆಂದು ಯಾರಿಗೂ ತಿಳಿದಿರಲಿಲ್ಲ. ಅವಳ ಹಿಮ್ಮಡಿ ಅವುಗಳಲ್ಲಿ ಹೋಗಿ ಕೂತಿತು. ತಮ್ಮನನ್ನು ಕರೆಸಿ ಹೇಳಿದಳು: “ಹೆರಿಯಾ, ಇದ್ ಅಳತಿ ಅಲ್ಲ ಮಾರಾಯ. ಕೂಕಂಬ್ ಜಾಗ.”

ಹೆರಿಯಣ್ಣನಿಗೆ ಕೂತೇ ನೀರಿಗಿಳಿಯುವ ಅವಳ ಆಸೆ ಅರ್ಥವಾಯಿತು, ಅಲ್ಲಿಂದಲೇ ಹೆದರಿಕೆಯೂ ಶುರುವಾಯಿತು. ಊರಿನ ಅಳತೆ ನೀರಿಗೆ ಹೋಗಿ ಕಳೆದುಹೋದರೆ ಕೊಯ್ಲಿನ ಹೊತ್ತಿಗೆ ಪಾಲು ಹಂಚುವುದು ಹೇಗೆ, ಜನ ಕಿತ್ತಾಡಿ ಸಾಯುವುದಿಲ್ಲವೇ ಎಂದ. ಅಕ್ಕ ಕಳೆದುಹೋದರೆ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಅಕ್ಕಣಿ ವಾದ ಮಾಡಲಿಲ್ಲ. ಕುಳಿಯ ತುಂಬ ಜೇಡಿಮಣ್ಣು ಮೆತ್ತಿ, ಮುದ್ದೆಯನ್ನು ಹಾಗೆಯೇ ಎತ್ತಿ ಅಟ್ಟದ ಹೊಗೆಯಲ್ಲಿ ಒಣಗಿಸಿ, ಆ ಮುದ್ದೆಯ ಮೇಲೆ ಬೂದಿ ಸವರಿ, ಅದರ ಮೇಲೆ ಇನ್ನೊಂದು ಸುತ್ತು ಮಣ್ಣು ತಟ್ಟಿ, ಬಿಡಿಸಿ ಸುಟ್ಟಳು. ಮೊದಲೆರಡು ಒಡೆದವು, ಮೂರನೆಯದು ಸಣ್ಣದಾಯಿತು. ಸೋಣ ತಿಂಗಳಿಗೆ ಸರಿಯಾದದ್ದೊಂದು ಬಂತು. ಕುಳಿಯಲ್ಲಿ ಹಿಡಿದ ಭತ್ತ ಗಡಿಗೆಯಲ್ಲೂ ಹಿಡಿಯಿತು. ಕೆಳಗೆ ಎರಡು ಉಬ್ಬಿದ್ದ ಆ ಗಡಿಗೆಯನ್ನು ಕಂಡು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಮ್ಮ ಅಳತೆಯ ಗಡಿಗೆಗಳಿಗೆ ಇಂದಿಗೂ ಅದೇ ಆಕಾರ. ಗಡಿಗೆಯನ್ನು ತಮ್ಮನ ಮುಂದಿಟ್ಟು, ನಿನ್ನ ಅಳತೆ ದಡದಲ್ಲಿ ಇರಲಿ, ಜಾಗ ನನಗೆ ಕೊಡು ಎಂದಳು.

ಉಳಿದದ್ದು ಕೇಳ್ಕೆಯೊಂದೇ. ಏಡಿ ಹಿಡಿಯಲು ಎಂದು ಹೇಳಿಬಿಡು, ಸೌದೆ ಎಂದು ಹೇಳು ಎಂದು ಎಲ್ಲರೂ ಅವಳಿಗೆ ಹೇಳಿಕೊಟ್ಟರು. ಹೆರಿಯಣ್ಣನೇ ಗುಟ್ಟಾಗಿ ಒಂದು ಏಡಿಬುಟ್ಟಿ ಕಳಿಸಿದನಂತೆ. ಅವಳು ಅದನ್ನು ವಾಪಸು ಕಳಿಸಿದಳು. ಹಳೆಯ ಗಳವನ್ನು ಅರ್ಧಕ್ಕೆ ಕಡಿದು ಎರಡೂ ತುದಿಗೆ ತೆಂಗಿನ ಮಟ್ಟೆಯ ಅಗಲದ ಬುಡವನ್ನು ಕಟ್ಟಿ ಹುಟ್ಟು ಮಾಡಿಕೊಂಡು, ಒಂದು ಬೆಳಿಗ್ಗೆ ಕಡವಿಗೆ ಬಂದು ಮರಿಗೆಯ ಕುಳಿಯಲ್ಲಿ ಕೂತಳು. ಊರು ಸೇರಿತ್ತು. ಹೆರಿಯಣ್ಣ ನೀರಿನ ಕಡೆ ನೋಡುತ್ತಾ ಕೇಳಿದ.

“ಎಂತ ಕೆಲ್ಸಕ್ ಹೋಪುದ್?”

“ಎಂತಕೂ ಅಲ್ಲ,” ಎಂದಳು ಅಕ್ಕಣಿ. “ಸುಮ್ನೆ.”

ಆ ಉತ್ತರವನ್ನು ಕಡವಿನಲ್ಲಿ ಯಾರೂ ಹಿಂದೆಂದೂ ಕೇಳಿರಲಿಲ್ಲ. ಹೆರಿಯಣ್ಣ ಬಗ್ಗಿ, ಕಿತ್ತಳೆ ಮರಿಗೆಯ ಬಾಲ ಹಿಡಿದು ತಾನೇ ನೂಕಿದ.

ಮೊದಲು ಅವಳು ಇದ್ದಲ್ಲೇ ಸುತ್ತಿದಳು. ಎಡಕ್ಕೆ ಎಳೆದರೆ ಬಲಕ್ಕೆ, ಬಲಕ್ಕೆ ಎಳೆದರೆ ಎಡಕ್ಕೆ. “ಅಕ್ಕಣಕ್ಕ ಬಪ್ಪೊತ್ತಿಗೆ ಬೀಜ ಮೊಳ್ಕಿ ಬತ್ತ್” ಎಂದು ಯಾರೋ ಕೂಗಿದರು. ಅವಳೂ ನಕ್ಕಳು. ಹಾಗೆ ಸುತ್ತುವಾಗ ಕೈಯಲ್ಲಿದ್ದ ಹುಟ್ಟಿನಿಂದ ತೊಟ್ಟಿಕ್ಕಿದ ನೀರು ಕುಳಿಯಲ್ಲಿ ತುಂಬಿ ಅವಳು ಕೆರೆಯಲ್ಲಿ ಕೂತ ಹಾಗಾಯಿತು. ದೋಣಿ ಭಾರವಾಗಿ ತಗ್ಗಿತು. ಆಗ ಅವಳು ಮಾಡಿದ ಕೆಲಸ ನೋಡಿ ದಡದಲ್ಲಿ ನಗು ನಿಂತಿತು. ಬಗ್ಗಿ, ನಾಲ್ಕು ತಲೆಮಾರಿನಿಂದ ಮುಚ್ಚಿದ್ದ ತೂತುಗಳ ನಾರನ್ನು ಕಿತ್ತು ಎಸೆದಳು. ಹೆರಿಯಣ್ಣ ಎದೆಮಟ್ಟದ ನೀರಿಗೆ ಇಳಿದೇಬಿಟ್ಟ. “ಒಟ್ಟೆ ಮುಚ್ಚಕ್ಕ” ಎಂದು ಅವನು ಅಂಗಲಾಚುತ್ತಿದ್ದರೆ, ಅವಳು ಕಾಲಡಿಯನ್ನೇ ನೋಡುತ್ತಿದ್ದಳು. ನೀರು ಒಳಗೆ ಬರಲಿಲ್ಲ. ಒಳಗಿದ್ದದ್ದು ಗೊಳಗೊಳನೆ ಹೊರಗೆ ಇಳಿದುಹೋಯಿತು. ದೋಣಿ ಮೇಲೆದ್ದು ಹಗುರಾಯಿತು. ನಿಮಗೆ ಇದು ಗೊತ್ತಿರುವ ಸಂಗತಿ. ನಮ್ಮವರು ಊನವೆಂದು ತಿಳಿದು ಮುಚ್ಚಿದ್ದು ಆ ದೋಣಿಯ ಜಾಣ್ಮೆಯಾಗಿತ್ತು. ನಿಮ್ಮ ಬಗ್ಗೆ ನನಗಿರುವ ಗೌರವದಲ್ಲಿ ಅರ್ಧ ಆ ತೂತುಗಳದ್ದು.

ಆಮೇಲೆ ಅವಳಿಗೆ ಕೈಯ ಲಯ ಸಿಕ್ಕಿತು. ಕಾಂಡ್ಲದ ಮರೆಯಲ್ಲಿ ಕಣ್ಣಿಗೆ ಕಾಣದಾದಳು. ಹೆರಿಯಣ್ಣ ಒದ್ದೆ ಬಟ್ಟೆಯಲ್ಲೇ ಕಾದ. ಇಳಿತ ಶುರುವಾಗಿ ಬೇರುಗಳು ಕಾಣತೊಡಗಿದ ಮೇಲೆ ಕಿತ್ತಳೆ ಬಣ್ಣ ಹಿಂದಿರುಗಿತು. ಕೈಯಲ್ಲಿ ಗುಳ್ಳೆ, ಮುಖದ ತುಂಬ ಕೆಸರು. ದೋಣಿಯ ಮೂತಿ ಹಿಡಿದುಕೊಂಡೇ ತಮ್ಮ ತಂದದ್ದೆಂತ ಎಂದು ಕೇಳಿದ.

“ಎಂತದೂ ಇಲ್ಲೆ. ಇದ್ದದ್ ಇದ್ದಲ್ಲೇ ಬಿಟ್ಟಿಕ್ ಬಂದೆ.”

ಏನಿತ್ತು ಎಂದು ಕೇಳಿದ್ದಕ್ಕೆ ಮೆಲ್ಲಗೆ ಒಂದೊಂದೇ ಹೇಳಿದಳು. ನಿಂತು ಹೋಗುವಾಗ ನೀರು ಕಾಲ ಕೆಳಗಿರುತ್ತದೆ, ಕೂತರೆ ಪಕ್ಕದಲ್ಲಿರುತ್ತದೆ, ಮಗ್ಗುಲಲ್ಲಿ ಮಲಗಿದ ದನದ ಹಾಗೆ. ಗಳದ ಸದ್ದಿಲ್ಲದ್ದರಿಂದ ನೀರುನಾಯಿಯೊಂದು ಮರಿಗಳ ಸಮೇತ ಅವಳ ಮೊಣಕೈಯ ಹತ್ತಿರವೇ ಮೀನು ತಿಂದಿತಂತೆ. ಒಂದು ಮರಿ ಅವಳನ್ನು ನೋಡಿ ಆಕಳಿಸಿತಂತೆ. ಅರವತ್ತು ವರ್ಷ ಈ ನೀರಿನಲ್ಲಿ ಓಡಾಡಿದವಳು ಇವತ್ತಷ್ಟೇ ಇಲ್ಲಿಗೆ ಬಂದೆ ಎಂದಳು.

ಹಿರಿಯರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ನೀವು ಏರಿದ ದೋಣಿಯನ್ನು ನೀರಿನಲ್ಲಿ ಬಿಟ್ಟು ಹೋಗಿ ಎನ್ನುವುದಿಲ್ಲ. ನಿಮ್ಮಿಂದ ನಮಗೆ ಬಂದ ಪ್ಲಾಸ್ಟಿಕ್ಕು ಬೇಕಾದಷ್ಟಾಯಿತು, ಒಳ್ಳೆಯದೆಂದು ಸಿಕ್ಕಿದ್ದು ಇದೊಂದೇ. ಆದರೆ ಈ ಭಾನುವಾರ ದಡದಲ್ಲಿ ಯಾರಾದರೂ ಇದರಿಂದೇನು ಲಾಭವೆಂದು ಕೇಳಿದರೆ, ತೋಳಿಗೆ ವ್ಯಾಯಾಮ, ಮನಸ್ಸಿಗೆ ಔಷಧ ಎಂದೆಲ್ಲ ಏಡಿಬುಟ್ಟಿ ಹಿಡಿದು ನಿಲ್ಲಬೇಡಿ. ಅಕ್ಕಣಿ ಹೇಳಿದ ಉತ್ತರವನ್ನೇ ಹೇಳಿ. ನಿಮ್ಮಿಂದ ಹರಿದು ಬಂದರೆ ಅದು ಅವಳವರೆಗೂ ಮುಟ್ಟಿ ಅವಳ ಬಾಯಿಗೆ ಸಲೀಸಾದೀತು.

ಇನ್ನು ಮರುದಿನ ಬೆಳಗಿನ ಮಾತು. ದಾರಜ್ಜಿ ಕಡವಿನಲ್ಲಿ ನಿಂತು ಎಲ್ಲವನ್ನೂ ಕಂಡಿದ್ದಳು. ಆ ಸಂಜೆ ಚಾವಡಿಗೆ ಹೋಗಿ, ಕಡವಿಗೆ ಬರಲಾಗದೆ ಒಳಗೇ ಉಳಿದಿದ್ದ ಗಳ ಇಟ್ಟವರಿಗೆ ಈ ಕತೆಯನ್ನು ಹೇಳಿದಳು. ಕಿತ್ತಳೆಯ ಕುಳಿ ಹೇಗಿತ್ತು, ಹಿಮ್ಮಡಿಯ ಗುಳಿ ಹೇಗಿತ್ತು ಎಂದು ಕೈಯಲ್ಲಿ ತೋರಿಸುವಾಗ, ಕಾಲಿಲ್ಲದ ಬಚ್ಚನೆಂಬ ಮುದುಕ ತಲೆಯೆತ್ತಿ ಮಾಡಿನ ನೆತ್ತಿಯನ್ನೇ ನೋಡುತ್ತಿದ್ದನಂತೆ.

ಬೆಳಗಾದಾಗ ಹೆರಿಯಣ್ಣ ಕಡವಿಗೆ ಬಂದು ನೋಡಿದರೆ ಗೋಡೆಗೆ ಒರಗಿಸಿದ್ದ ಗಳಗಳು ಮಾಯವಾಗಿದ್ದವು. ಚಾವಡಿಯ ಕಡೆಯಿಂದ ಆರೇಳು ಜನ ಅರ್ಧಕ್ಕೆ ಕಡಿದ ಗಳಗಳೊಂದಿಗೆ ಬರುತ್ತಿದ್ದರು. ಕೆಲವರು ಕುಂಟುತ್ತಿದ್ದರು, ಕೆಲವರು ತೆವಳುತ್ತಿದ್ದರು. ನಡುವೆ ಹಗ್ಗ ಕಟ್ಟಿ ಎಳೆದು ತರುತ್ತಿದ್ದದ್ದು ಇಬ್ಬರು ಕೂರುವಂಥ ಆ ನೀಲಿ ಮುಚ್ಚಳ. ಹಕ್ಕಿಯ ಖಾಲಿ ಗೂಡು ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಹೆರಿಯಣ್ಣ ಕೇಳ್ಕೆಯನ್ನು ಬದಿಗಿಟ್ಟು, ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮಧ್ಯಾಹ್ನ ಮಳೆ ಬಂತು. ನೆತ್ತಿಯಿಲ್ಲದ ಚಾವಡಿಯೊಳಗೆ ಧಾರಾಕಾರವಾಗಿ ಸುರಿಯಿತು. ಒದ್ದೆಯಾಗಲು ಅಲ್ಲಿ ಯಾರೂ ಇರಲಿಲ್ಲ.